ತ್ಯಾಗವೋ, ನಿರೋಧವೋ?

ಹಿರಿಯರನ್ನು ಮನೆಯಲ್ಲಿಯೇ ಇಟ್ಟುಕೊಂಡು ಸೇವೆ ಮಾಡಬೇಕೋ, ಆರೈಕೆಗೃಹಕ್ಕೆ ಸೇರಿಸಬಹುದೋ ಎಂಬ ಚರ್ಚೆ ನಮ್ಮ ಸಮಾಜದಲ್ಲಿ ಬಹುಕಾಲದಿಂದ ನಡೆದುಬಂದಿದೆ. ಈ ಲೇಖನದ ವಿಷಯ ಅದಲ್ಲ. ಮಕ್ಕಳು ದೂರದ ಊರುಗಳಲ್ಲಿ ಉದ್ಯೋಗದಲ್ಲಿದ್ದು, ಮನೆಯಲ್ಲಿ ಉಳಿದವರೂ ಅರವತ್ತು ದಾಟಿದವರಾಗಿ, ಹಾಸಿಗೆ ಹಿಡಿದವರನ್ನು ಎತ್ತಿ ಕೂರಿಸುವ ಬಲ ಯಾರಲ್ಲಿಯೂ ಇಲ್ಲದ ಕುಟುಂಬಗಳು ಇಂದು ಊರೂರಿನಲ್ಲಿಯೂ ಇವೆ. ಅಂಥವರು ತಮ್ಮ ಹಿರಿಯರನ್ನು ಒಂದು ಸಂಸ್ಥೆಗೆ ಒಪ್ಪಿಸಿದ ಮೇಲೆ, ಅಲ್ಲಿ ದೊರೆಯುವ ಆರೈಕೆ ಒಳ್ಳೆಯದೋ ಅಲ್ಲವೋ ಎಂಬುದನ್ನು ತಿಳಿಯುವುದು ಹೇಗೆ? ತಿಳಿಯುವ ಹೊಣೆ ಯಾರದು? ಇಲ್ಲಿ ವಿಚಾರ ಮಾಡಬೇಕೆಂದಿರುವುದು ಇಷ್ಟನ್ನೇ. ನಮ್ಮ ಕಡೆ ನರ್ಸಿಂಗ್ ಹೋಂ ಎಂದರೆ ಚಿಕ್ಕ ಖಾಸಗಿ ಆಸ್ಪತ್ರೆ ಎಂದು ಅರ್ಥವಿರುವುದರಿಂದ, ವೃದ್ಧರು ಕೊನೆಯವರೆಗೂ ವಾಸವಾಗಿದ್ದು ಶುಶ್ರೂಷೆ ಪಡೆಯುವ ಸ್ಥಳವನ್ನು ಆರೈಕೆಗೃಹವೆಂದೇ ಕರೆಯುತ್ತೇನೆ.

ನಾನು ಬಟ್ಟೆ ವ್ಯಾಪಾರಿ, ಓದಿದ್ದು ಬಿ.ಕಾಂ. ಈ ಕಾರಣದಿಂದಲೇ ಕೆಲವು ವರ್ಷಗಳ ಹಿಂದೆ ನಮ್ಮ ಟ್ರಸ್ಟಿನವರು, ತಾವು ಪ್ರತಿವರ್ಷ ಸಹಾಯಧನ ಕೊಡುತ್ತಿದ್ದ ಒಂದು ಆರೈಕೆಗೃಹವನ್ನು ನೋಡಿ ವರದಿ ಕೊಡಲು ನನ್ನನ್ನು ಕಳುಹಿಸಿದರು. ನಾನು ಬೆಳಗಿನ ಹನ್ನೊಂದು ಗಂಟೆಗೆ ಹೋದೆ. ನೆಲ ಒರೆಸಿತ್ತು, ಹಾಸಿಗೆಗಳ ಮೇಲೆ ಒಗೆದ ಹೊದಿಕೆಗಳಿದ್ದವು. ಅಡಿಗೆಮನೆಯಲ್ಲಿ ನೀರನ್ನು ಸೋಸಿ ಕಾಯಿಸಿ ಇಟ್ಟಿದ್ದರು, ಗಡ್ಡೆಗೆಣಸುಗಳ ಸುಳಿವಿರಲಿಲ್ಲ, ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಯುತ್ತಿತ್ತು. ಆಮೇಲೆ ಲೆಕ್ಕದ ಪುಸ್ತಕಗಳನ್ನು ತರಿಸಿ ನೋಡಿದೆ. ಒಂದು ಪೈಸೆಯೂ ತಪ್ಪಿರಲಿಲ್ಲ. ಸಿಬ್ಬಂದಿಯ ಸಂಬಳದ ಖರ್ಚು ಹಿಂದಿನ ವರ್ಷಕ್ಕಿಂತ ಕಡಿಮೆಯಾಗಿತ್ತು. ಅದನ್ನು ವಿಶೇಷವಾಗಿ ಗುರುತಿಸಿ, ‘ಮಿತವ್ಯಯ ಶ್ಲಾಘನೀಯ’ ಎಂದು ಬರೆದು ಸಹಿ ಹಾಕಿದೆ. ಆ ವರದಿಯನ್ನು ನಂಬಿ ಕೆಲವರು ತಮ್ಮ ಹಿರಿಯರನ್ನು ಅಲ್ಲಿ ಸೇರಿಸಿದರು. ಮುಂದೆ ನನ್ನ ಅಕ್ಕನನ್ನೂ ಅಲ್ಲಿಯೇ ಸೇರಿಸಿದೆವು.

ಅಕ್ಕ ವಿಧವೆ. ತೊಡೆಯ ಎಲುಬು ಮುರಿದ ಮೇಲೆ ನಡೆಯಲಾರದವಳಾಗಿದ್ದಳು. ರಾತ್ರಿಭೋಜನ ತ್ಯಾಗದ ನಿಯಮವನ್ನು ಚಿಕ್ಕಂದಿನಿಂದ ಪಾಲಿಸಿಕೊಂಡು ಬಂದವಳು. ಆದರೆ ಅವಳ ನಿಯಮದಲ್ಲಿ ನೀರಿಗೆ ತಡೆಯಿರಲಿಲ್ಲ. ಮನೆಯಲ್ಲಿದ್ದಾಗ ರಾತ್ರಿ ಎದ್ದು ತಂಬಿಗೆಯ ನೀರು ಕುಡಿಯುತ್ತಿದ್ದುದನ್ನು ನಾವೆಲ್ಲ ಬಲ್ಲೆವು. ನಾವು ಭಾನುವಾರ ಬೆಳಿಗ್ಗೆ ಹಣ್ಣು ಹಿಡಿದುಕೊಂಡು ಹೋಗುತ್ತಿದ್ದೆವು. ಅವಳೂ ನಗುನಗುತ್ತಲೇ ಮಾತನಾಡುತ್ತಿದ್ದಳು. ಏಳನೆಯ ತಿಂಗಳಲ್ಲಿ ಒಂದು ನಸುಕಿಗೆ, ಅಕ್ಕ ಅಸಂಬದ್ಧವಾಗಿ ಮಾತನಾಡುತ್ತಿದ್ದಾಳೆಂದು ಕರೆ ಬಂದಿತು. ಆಸ್ಪತ್ರೆಯ ವೈದ್ಯರು ದೇಹದಲ್ಲಿ ನೀರಿನಂಶ ಬತ್ತಿದೆ, ಮೂತ್ರದ ಸೋಂಕು ಏರಿದೆ ಎಂದರು. ಮಗ್ಗುಲು ಹೊರಳಿಸಿದಾಗ ಬೆನ್ನಿನ ಕೆಳಗೆ ಅಂಗೈಯಗಲದ ಹಾಸಿಗೆ ಹುಣ್ಣು ಕಂಡಿತು. ಮೂರನೆಯ ದಿನ ತಿಳಿವು ಬಂದಮೇಲೆ, ನೀರು ಏಕೆ ಕುಡಿಯಲಿಲ್ಲವೆಂದು ಕೇಳಿದೆ. “ಸಂಜಿ ಮ್ಯಾಲ ನೀರು ಕುಡಿದ್ರ ರಾತ್ರಿ ಎಬ್ಬಸಬೇಕಾಗತದ ತಮ್ಮಾ. ಆ ಹುಡುಗಿ ಒಬ್ಬಾಕಿನ. ಬ್ಯಾಡಂತ ಹೇಳಿದ್ಲು, ನಾ ಸುಮ್ಮನಾದೆ” ಎಂದಳು. ಗೃಹದ ದಿನಚರಿಯನ್ನು ತೆಗೆದು ನೋಡಿದಾಗ ಪ್ರತಿ ರಾತ್ರಿಯ ಎದುರಿಗೂ ಒಂದೇ ಶಬ್ದವಿತ್ತು: ‘ವ್ರತ.’

ಆ ಶಬ್ದವನ್ನು ನಾನು ಬಹಳ ದಿನ ಮರೆಯಲಾರದೆ ಹೋದೆ. ತಾನಾಗಿ ಬಿಟ್ಟದ್ದು ತ್ಯಾಗ; ಮತ್ತೊಬ್ಬರು ತಡೆದದ್ದು ನಿರೋಧ. ಹೊರಗಿನಿಂದ ನೋಡುವವನಿಗೆ ಎರಡೂ ಒಂದೇ ರೀತಿ ಕಾಣುತ್ತವೆ. ಎರಡರಲ್ಲಿಯೂ ಲೋಟ ಖಾಲಿಯಾಗಿಯೇ ಇರುತ್ತದೆ. ಆದರೆ ಒಂದರಿಂದ ಆತ್ಮಕ್ಕೆ ಶ್ರೇಯಸ್ಸು, ಇನ್ನೊಂದು ಹಿಂಸೆ. ಅವೆರಡರ ನಡುವಿನ ಭೇದವನ್ನು ಗುರುತಿಸುವುದೇ ಆರೈಕೆಯನ್ನು ಅಳೆಯುವವನ ಮೊದಲ ಕೆಲಸವೆಂದು ನನಗೆ ತೋರುತ್ತದೆ.

ಬರೆದಿಟ್ಟ ಲೆಕ್ಕಕ್ಕೂ ನಡೆದ ಸಂಗತಿಗೂ ಇರುವ ಈ ಅಂತರ ನಮ್ಮಲ್ಲಿ ಮಾತ್ರ ಇರುವುದಲ್ಲ. ಅಮೆರಿಕದಲ್ಲಿ ನೆಲೆಸಿದ್ದ ವೈದ್ಯ ಅವೆಡಿಸ್ ಡೊನಬೇಡಿಯನ್ ಅವರು 1966ರಲ್ಲಿ ಬರೆದ ಪ್ರಸಿದ್ಧ ಪ್ರಬಂಧವೊಂದರಲ್ಲಿ, ಆರೈಕೆಯ ಗುಣವನ್ನು ಮೂರು ಕಡೆ ನೋಡಬೇಕೆಂದು ತಿಳಿಸಿದರು: ಇರುವ ಸೌಕರ್ಯ, ನಡೆಯುವ ಕೆಲಸ, ದೊರೆತ ಫಲ. ನಾನು ನೋಡಿದ್ದು ಮೊದಲನೆಯದನ್ನು ಮಾತ್ರ. ಅದೇ ದೇಶದಲ್ಲಿ 2008ರಿಂದ ಆರೈಕೆಗೃಹಗಳಿಗೆ ಒಂದರಿಂದ ಐದರವರೆಗೆ ನಕ್ಷತ್ರಗಳನ್ನು ಕೊಡುವ ಪದ್ಧತಿ ಬಂದಿತು. ಸಿಬ್ಬಂದಿ ಎಷ್ಟಿದ್ದಾರೆಂಬ ಲೆಕ್ಕವನ್ನು ಮೊದಮೊದಲು ಗೃಹಗಳೇ ಬರೆದುಕೊಡುತ್ತಿದ್ದವು. ಆ ಲೆಕ್ಕದ ಮೇಲೆ ನಂಬಿಕೆ ಉಳಿಯದೆ, 2016ರಿಂದ ಸಂಬಳದ ಪಟ್ಟಿಯ ಆಧಾರದ ಮೇಲೆ ಸಿಬ್ಬಂದಿಯ ವಿವರ ಸಲ್ಲಿಸಬೇಕೆಂಬ ನಿಯಮ ಬಂದಿತು. ಸಂಬಳದ ಪಟ್ಟಿ ನನ್ನ ಕೈಯಲ್ಲಿಯೂ ಇತ್ತು. ಅದನ್ನು ನಾನು ಉಳಿತಾಯವೆಂದು ಓದಿದೆ. ಖಾಲಿಯಿದ್ದ ರಾತ್ರಿಪಾಳಿಯೆಂದು ಓದಲಿಲ್ಲ.

ಆದರೆ ಶ್ರಾವಕನಾದವನು ಇದನ್ನು ಅಮೆರಿಕದಿಂದ ಕಲಿಯಬೇಕಾಗಿರಲಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳಿದೆ. ಪಾಠಶಾಲೆಯಲ್ಲಿ ನಾವೆಲ್ಲರೂ ಬಾಯಿಪಾಠ ಮಾಡಿದವು. ದನಕರುಗಳ ವಿಷಯದಲ್ಲಿ, ಆಳುಕಾಳುಗಳ ವಿಷಯದಲ್ಲಿ ಅವುಗಳ ಅರ್ಥ ಹೇಳಿಸಿಕೊಂಡು ಅಲ್ಲಿಗೇ ಬಿಟ್ಟೆವು. ಪರಾಧೀನವಾದ ಜೀವಕ್ಕೆ ಆಗಬಹುದಾದ ಕೇಡುಗಳ ಪಟ್ಟಿ ಅದು. ಹಾಸಿಗೆ ಹಿಡಿದ ಮನುಷ್ಯನಿಗಿಂತ ಪರಾಧೀನರು ಯಾರು?

ಮೊದಲನೆಯದು ಬಂಧ. ಬೀಳುತ್ತಾರೆಂಬ ನೆಪದಿಂದ ವೃದ್ಧರನ್ನು ಮಂಚಕ್ಕೋ ಕುರ್ಚಿಗೋ ಬಟ್ಟೆಯಿಂದ ಕಟ್ಟುವುದುಂಟು. ಶಿಕ್ಷೆಗಾಗಿ ಅಥವಾ ಸಿಬ್ಬಂದಿಯ ಅನುಕೂಲಕ್ಕಾಗಿ ಕಟ್ಟಬಾರದೆಂದು ಅಮೆರಿಕದವರು 1987ರಲ್ಲಿ ಶಾಸನವನ್ನೇ ಮಾಡಿದರು. ಅಗತ್ಯವಿಲ್ಲದೆ ಮಂಪರಿನ ಔಷಧ ಕೊಟ್ಟು ಮಲಗಿಸುವುದೂ ಬಂಧವೇ. ಹಗ್ಗ ಕಾಣುವುದಿಲ್ಲ, ಅಷ್ಟೇ. ಎರಡನೆಯದಾದ ವಧವೆಂದರೆ ಇಲ್ಲಿ ಕೊಲೆಯಲ್ಲ, ಹೊಡೆತ. ಮುದುಕರನ್ನು ಗದರಿಸುವ ಮಾತನ್ನೂ ಇದರಲ್ಲಿಯೇ ಸೇರಿಸಬೇಕು. ಮೂರನೆಯದು ಛೇದ, ಅಂಗಕ್ಕೆ ಗಾಯ. ತಾನಾಗಿ ಹೊರಳಲಾರದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂಬುದು ಶುಶ್ರೂಷೆಯ ಹಳೆಯ ನಿಯಮ. ಅದು ತಪ್ಪಿದರೆ ಬೆನ್ನಿನ ಕೆಳಭಾಗದಲ್ಲಿ, ಹಿಮ್ಮಡಿಯಲ್ಲಿ ಚರ್ಮ ಕೆಂಪಾಗುತ್ತದೆ. ಬೆರಳಿನಿಂದ ಒತ್ತಿದರೂ ಆ ಕೆಂಪು ಮಾಸದಿದ್ದರೆ ಹುಣ್ಣು ಪ್ರಾರಂಭವಾಯಿತೆಂದು ತಿಳಿಯಬೇಕು. ಕತ್ತಿ ಹಿಡಿಯದೆ ಆಗುವ ಛೇದವಿದು. ನಾಲ್ಕನೆಯದು ಅತಿಭಾರಾರೋಪಣ. ಇದನ್ನು ವೃದ್ಧರಿಗಲ್ಲ, ಆ ಆಯಾಳಿಗೆ ಅನ್ವಯಿಸಿ ನೋಡಬೇಕು. ಇಪ್ಪತ್ತೆರಡು ಜನರಿಗೆ ರಾತ್ರಿ ಒಬ್ಬಳೇ ಹುಡುಗಿ. ಅವಳು ಕ್ರೂರಳಾಗಿರಲಿಲ್ಲ, ಎತ್ತಿನ ಮೇಲೆ ಹೇರಬಾರದಷ್ಟು ಹೊರೆಯನ್ನು ಅವಳ ಮೇಲೆ ಹೇರಲಾಗಿತ್ತು. ಐದನೆಯದು ಅನ್ನಪಾನನಿರೋಧ. ವಯಸ್ಸಾದಂತೆ ಬಾಯಾರಿಕೆಯ ಅರಿವೇ ಕುಗ್ಗುತ್ತದೆ. ಕೇಳಿದಾಗ ಕೊಟ್ಟರಾಯಿತು ಎನ್ನುವುದು ಸಾಲದು, ಕೇಳದಿದ್ದರೂ ಕೊಡಬೇಕು. ಕೈಗೆಟುಕದ ಮೇಜಿನ ಮೇಲಿಟ್ಟ ತಟ್ಟೆಯೂ ನಿರೋಧವೇ.

ಈ ಐದರಲ್ಲಿ ಒಂದು ಇನ್ನೊಂದನ್ನು ಹೇಗೆ ಹುಟ್ಟಿಸುತ್ತದೆಂಬುದನ್ನು ಗಮನಿಸಬೇಕು. ಹೊರೆ ಹೆಚ್ಚಾದುದರಿಂದ ನೀರು ನಿಂತಿತು. ಅದೇ ಕಾರಣದಿಂದ ಮಗ್ಗುಲು ಬದಲಾಗಲಿಲ್ಲ, ಹುಣ್ಣಾಯಿತು. ಹೊರೆ ಹೆಚ್ಚಾದದ್ದು ಸಂಬಳದ ಉಳಿತಾಯದಿಂದ. ಆ ಉಳಿತಾಯವನ್ನು ಹೊಗಳಿದವನು ನಾನು. ಕೃತ, ಕಾರಿತ, ಅನುಮೋದನೆ ಎಂದು ಕರ್ಮಕ್ಕೆ ಮೂರು ಬಾಗಿಲುಗಳನ್ನು ನಮ್ಮ ಶಾಸ್ತ್ರ ಹೇಳುತ್ತದೆ. ಹುಡುಗಿ ಮಾಡಿದಳು, ವ್ಯವಸ್ಥಾಪಕರು ಮಾಡಿಸಿದರು, ನಾನು ಸಹಿ ಹಾಕಿ ಅನುಮೋದಿಸಿದೆ. ನನಗೆ ತಿಳಿದಿರಲಿಲ್ಲ ಎಂದು ಹೇಳಿಕೊಳ್ಳಬಹುದು. ಆದರೆ ತಿಳಿಯಲೆಂದೇ ಕಳುಹಿಸಲ್ಪಟ್ಟವನು ತಿಳಿಯದೆ ಬಂದರೆ ಅದು ಅಜ್ಞಾನವಲ್ಲ, ಪ್ರಮಾದ. ಪ್ರಮಾದವೇ ಹಿಂಸೆಯ ಮೂಲವೆಂಬುದು ನಮಗೆ ಹೊಸ ಮಾತಲ್ಲ.

ಇಷ್ಟೊಂದು ಸಂಶಯದಿಂದ ನೋಡಿದರೆ ಸೇವೆ ಮಾಡುವವರ ಮನಸ್ಸು ನೋಯುವುದಿಲ್ಲವೇ ಎಂದು ಕೆಲವರು ಕೇಳಬಹುದು. ಪರೀಕ್ಷೆಯೆಂದರೆ ದೋಷಾರೋಪಣೆಯಲ್ಲ. ಅಂಗಡಿಯಲ್ಲಿ ವರ್ಷಕ್ಕೊಮ್ಮೆ ದಾಸ್ತಾನು ಎಣಿಸುವುದು ಗುಮಾಸ್ತನನ್ನು ಕಳ್ಳನೆಂದು ತಿಳಿದು ಅಲ್ಲ. ಪುಸ್ತಕದಲ್ಲಿರುವ ಥಾನು ಕಪಾಟಿನಲ್ಲಿಯೂ ಇದೆಯೇ ಎಂದು ನೋಡುವುದಕ್ಕೆ. ಮೇಲಾಗಿ, ಆ ಹುಡುಗಿಯ ಕಷ್ಟವನ್ನು ಮೊದಲೇ ಯಾರಾದರೂ ರಾತ್ರಿ ಬಂದು ಕಂಡಿದ್ದರೆ ಅವಳಿಗೇ ಹೆಚ್ಚು ಉಪಕಾರವಾಗುತ್ತಿತ್ತು.

ಆದುದರಿಂದ ಕುಟುಂಬದವರಿಗೂ ಟ್ರಸ್ಟಿನವರಿಗೂ ನನ್ನ ವಿನಂತಿ ಇಷ್ಟು. ಹೇಳಿ ಹೋಗುವ ಭೇಟಿಗಳ ಜೊತೆಗೆ ಹೇಳದೆ ಹೋಗುವ ಭೇಟಿಗಳೂ ಇರಲಿ. ಊಟದ ಹೊತ್ತಿಗೆ ಒಮ್ಮೆ, ರಾತ್ರಿ ಹತ್ತರ ಮೇಲೆ ಒಮ್ಮೆ. ತಿಂಗಳಿಗೊಮ್ಮೆ ತೂಕ ನೋಡಿ ಬರೆದಿದ್ದಾರೆಯೇ, ತೂಕ ಇಳಿದಿದ್ದರೆ ಕಾರಣ ಹುಡುಕಿದ್ದಾರೆಯೇ ಎಂದು ಕೇಳಿರಿ. ಹಿಮ್ಮಡಿ, ಬೆನ್ನುಗಳನ್ನು ನೀವೇ ನೋಡಿರಿ. ರಾತ್ರಿಪಾಳಿಯಲ್ಲಿ ಎಷ್ಟು ಜನರೆಂಬುದನ್ನು ಸಂಬಳದ ಪಟ್ಟಿಯಿಂದ ತಿಳಿಯಿರಿ. ಹಿರಿಯರ ವ್ರತನಿಯಮಗಳನ್ನು ಅವರ ಬಾಯಿಂದಲೇ ಕೇಳಿ, ಏನನ್ನು ಬಿಟ್ಟಿದ್ದಾರೆ, ಏನನ್ನು ಬಿಟ್ಟಿಲ್ಲವೆಂದು ಬರೆದುಕೊಡಿರಿ. ಗಡ್ಡೆಗೆಣಸಿಲ್ಲವೆಂಬ ಒಂದೇ ಕಾರಣದಿಂದ ಒಂದು ಗೃಹವನ್ನು ಉತ್ತಮವೆಂದು ತೀರ್ಮಾನಿಸಬೇಡಿರಿ. ಆಹಾರಶುದ್ಧಿ ಬೇಕು, ಆ ಶುದ್ಧಾಹಾರವನ್ನು ಬಾಯಿಗೆ ತಲುಪಿಸುವ ಕೈಯೂ ಬೇಕು.

ಹೊದಿಕೆ ಸರಿಸಿ ನೋಡುವುದಕ್ಕೆ ಹಲವರು ಹಿಂಜರಿಯುತ್ತಾರೆ, ನಾನೂ ಹಿಂಜರಿದವನೇ. ಸಮ್ಯಗ್ದರ್ಶನದ ಮೂರನೆಯ ಅಂಗವಾದ ನಿರ್ವಿಚಿಕಿತ್ಸೆಗೆ ಸಮಂತಭದ್ರಾಚಾರ್ಯರು ಉದ್ದಾಯನ ರಾಜನನ್ನು ಉದಾಹರಿಸಿದ್ದಾರೆ. ರೋಗಿಯಾದ ಮುನಿಯು ಮೈಮೇಲೆ ವಾಂತಿ ಮಾಡಿದಾಗ, ತಾನು ಕೊಟ್ಟ ಆಹಾರದಲ್ಲಿಯೇ ದೋಷವಿರಬೇಕೆಂದು ಮರುಗಿ ತನ್ನ ಕೈಯಿಂದಲೇ ತೊಳೆದ ರಾಜನ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ರಾಜನು ಪಟ್ಟಂತೆ ನಾವೂ ಮೊದಲು ನಮ್ಮಲ್ಲಿ ದೋಷವನ್ನು ಹುಡುಕಿಕೊಳ್ಳಬೇಕು. ವೈಯಾವೃತ್ಯವು ಆಭ್ಯಂತರ ತಪಸ್ಸುಗಳಲ್ಲಿ ಒಂದು. ಕೈಯಿಂದ ಮಾಡಲು ಸಾಧ್ಯವಾಗದವನು ಕಣ್ಣಿನಿಂದಲಾದರೂ ಅದನ್ನು ಮಾಡಬೇಕು.

ಆಸ್ಪತ್ರೆಯಿಂದ ಬಿಡುಗಡೆಯಾದ ಅಕ್ಕ, ಗೆಳತಿಯರು ಇರುವ ಅದೇ ಗೃಹಕ್ಕೆ ಮರಳುವುದಾಗಿ ಹಟ ಹಿಡಿದಳು. ಟ್ರಸ್ಟಿನ ಸಭೆಯಲ್ಲಿ ನಾನು ನನ್ನ ಹಳೆಯ ವರದಿಯನ್ನು ಹಿಂತೆಗೆದುಕೊಂಡೆ. ರಾತ್ರಿಪಾಳಿಗೆ ಇನ್ನಿಬ್ಬರನ್ನು ನೇಮಿಸುವ ಖರ್ಚನ್ನು ಟ್ರಸ್ಟು ವಹಿಸಿಕೊಂಡಿತು. ಅಕ್ಕ ಅಲ್ಲಿ ಮುಂದೆ ಎರಡು ವರ್ಷ ಬಾಳಿದಳು. ಒಂದು ರಾತ್ರಿ ಹೇಳದೆ ಹೋದಾಗ, ಆ ಹುಡುಗಿಯೇ ಅವಳ ತಲೆ ಎತ್ತಿ ಹಿಡಿದು ನೀರು ಕುಡಿಸುತ್ತಿದ್ದಳು. ನಾನು ಬಾಗಿಲಲ್ಲಿಯೇ ಸ್ವಲ್ಪ ಹೊತ್ತು ನಿಂತು, ಆ ತಿಂಗಳ ವರದಿಯಲ್ಲಿ ಅದನ್ನೇ ಮೊದಲು ಬರೆದೆ.