ನಾವು ತೋರಿಸಿದ್ದು, ಅವರು ಕಂಡದ್ದು



ಬೇಸಿಗೆ ರಜೆ ಮುಗಿದು ಶಾಲೆಗಳು ತೆರೆಯುವ ಹೊತ್ತಿಗೆ ಧರ್ಮಕೇಂದ್ರದ ಗುರುಮನೆಗೆ ಒಂದು ದೂರು ತಪ್ಪದೆ ಬರುತ್ತದೆ. "ಫಾದರ್, ಇಷ್ಟು ಖರ್ಚು ಮಾಡಿ ಮಗನಿಗೆ ಮೈಸೂರು ತೋರಿಸಿಕೊಂಡು ಬಂದೆವು. ಅರಮನೆಯಲ್ಲಿ ನಿಂತರೆ ಮೊಬೈಲು ನೋಡುತ್ತಾನೆ. ಝೂನಲ್ಲಿ ನಿಂತರೆ ಊಟ ಯಾವಾಗ ಅನ್ನುತ್ತಾನೆ. ಕೃತಜ್ಞತೆ ಅನ್ನುವುದೇ ಇಲ್ಲವಲ್ಲ ಈ ಮಕ್ಕಳಿಗೆ!"

ಹೇಳುವವರ ಧ್ವನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚು. ಸಾಲ ಮಾಡಿ ಬಾಡಿಗೆ ಕಾರು ಹಿಡಿದವರೂ ಇರುತ್ತಾರೆ. ಆದರೆ ಈ ಮಾತಿನೊಳಗೆ ಒಂದು ನೈತಿಕ ಪ್ರಶ್ನೆ ಅಡಗಿದೆ. ಕೊಟ್ಟಮೇಲೆ ಪ್ರತಿಫಲವಾಗಿ ಸಂತೋಷವನ್ನು ಕೇಳಿ ವಸೂಲು ಮಾಡಬಹುದೇ? ಹಾಗೆ ಕೇಳಿದರೆ ಕೊಟ್ಟದ್ದು ಕಾಣಿಕೆಯೋ, ಸಾಲವೋ?

ಹಿಂದೆಲ್ಲ ನಾನು ಆ ಹುಡುಗರನ್ನು ಕರೆಸಿ, ತಂದೆತಾಯಿಯನ್ನು ಗೌರವಿಸಬೇಕೆಂಬ ನಾಲ್ಕನೆಯ ಆಜ್ಞೆಯ ಮೇಲೆ ಪುಟ್ಟ ಪ್ರಬೋಧನೆ ಮಾಡಿ ಕಳುಹಿಸುತ್ತಿದ್ದೆ. ಈಗ ಹಾಗೆ ಮಾಡಲು ಬಾಯಿ ಬರುವುದಿಲ್ಲ. ಕಾರಣ ಹೇಳುತ್ತೇನೆ.

2023ರ ಮೇ ತಿಂಗಳು. ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗ ಎಸ್.ಎಸ್.ಎಲ್.ಸಿ. ಮುಗಿಸಿದ್ದ. ಭಾವನವರು 2021ರಲ್ಲಿ, ಕೊರೋನಾದ ಎರಡನೆಯ ಅಲೆಯಲ್ಲಿ ತೀರಿಕೊಂಡಿದ್ದರು. ಅಲ್ಲಿಂದೀಚೆಗೆ ಹುಡುಗ ಮನೆಯಲ್ಲಿ ಮಾತು ಕಡಿಮೆ ಮಾಡಿದ್ದ. "ಇವನನ್ನ ಎಲ್ಲಿಗಾದರೂ ಒಂದು ದಿನ ಕರ್ಕೊಂಡು ಹೋಗಿ ಬಾಪ್ಪ" ಎಂದಳು ಅಕ್ಕ. ಮೈಸೂರು ಎಂದು ನಾನೇ ತೀರ್ಮಾನಿಸಿದೆ. ಎಲ್ಲೆಲ್ಲಿ ಎಷ್ಟು ಹೊತ್ತು ಎಂಬುದನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡೆ.

ಆ ಮಾರ್ಚಿನಲ್ಲಷ್ಟೇ ಹೊಸ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಗಿತ್ತು. ಹಿಂದೆ ಮೂರು ಗಂಟೆ ಹಿಡಿಯುತ್ತಿದ್ದ ದಾರಿ ಈಗ ಅದರ ಅರ್ಧದಷ್ಟು. ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಎಲ್ಲ ಊರುಗಳೂ ಪಕ್ಕಕ್ಕೆ ಸರಿದುಬಿಟ್ಟವು. ಉಳಿದ ಸಮಯದಲ್ಲಿ ಇನ್ನೆರಡು ಸ್ಥಳ ಹೆಚ್ಚಾಗಿ ತೋರಿಸಬಹುದೆಂದು ನಾನು ಹಿಗ್ಗಿದೆ. ಶ್ರೀರಂಗಪಟ್ಟಣದ ಬಳಿ ಅಬ್ಬೆ ದುಬುವಾ ಅವರ ಕಥೆ ತೆಗೆದೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಇಲ್ಲಿಗೆ ಬಂದು ಕ್ರೈಸ್ತರನ್ನು ಮತ್ತೆ ಒಗ್ಗೂಡಿಸಿದ ಫ್ರೆಂಚ್ ಗುರುಗಳು ಅವರು; ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸಲು ದುಡಿದವರು. "ನೋಡು, ಆ ಕಾಲದಲ್ಲೇ ಲಸಿಕೆ!" ಎಂದೆ. ಹುಡುಗ ಕಿಟಕಿಯತ್ತ ತಿರುಗಿಕೊಂಡ. ಯಾರ ಮುಂದೆ ಯಾವ ಮಾತು ಆಡುತ್ತಿದ್ದೇನೆಂಬುದು ನನಗೆ ಹೊಳೆಯಲೇ ಇಲ್ಲ.

ಅರಮನೆಯಲ್ಲೂ ಅದೇ ಪಾಠ. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋದದ್ದು, ಈಗಿನದು 1912ರಲ್ಲಿ ಪೂರ್ಣವಾದದ್ದು. (ಭಾನುವಾರ ಸಂಜೆಯ ದೀಪಾಲಂಕಾರ ತೋರಿಸಲಾಗಲಿಲ್ಲ. ನಮ್ಮಂಥವರಿಗೆ ಭಾನುವಾರ ರಜೆಯೆಲ್ಲಿ!) ಅಲ್ಲಿಂದ ಸಂತ ಫಿಲೋಮಿನಾ ಪ್ರಧಾನಾಲಯ. ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಅಡಿಗಲ್ಲಿಟ್ಟದ್ದು, ಜರ್ಮನಿಯ ಕೊಲೋನ್ ನಗರದ ಪ್ರಧಾನಾಲಯದ ಮಾದರಿ, ಅವಳಿ ಗೋಪುರಗಳ ಎತ್ತರ 175 ಅಡಿ. ನಾನು ಹೇಳುತ್ತಲೇ ಇದ್ದೆ. ನೆಲಮಾಳಿಗೆಗೆ ಹೋಗಿ ಸಂತಳ ಅವಶೇಷದ ಮುಂದೆ ಪ್ರಾರ್ಥಿಸಿ ಹೊರಬಂದೆವು. ಆಗ ಹುಡುಗ ದೇವಾಲಯದ ಮುಂದಿನ ಅಂಗಳದಲ್ಲಿ ಒಂದು ಕಡೆ ನಿಂತು ಗೋಪುರ ನೋಡಿದ. ಎರಡು ಹೆಜ್ಜೆ ಹಿಂದಕ್ಕೆ ಬಂದ. ಸ್ವಲ್ಪ ಎಡಕ್ಕೆ ಸರಿದ. ಮತ್ತೆ ನೋಡಿದ. ಮೊಬೈಲು ಹೊರತೆಗೆದ.

"ಫೋಟೋ ಎಲ್ಲ ಆಮೇಲೆ. ಬೆಟ್ಟಕ್ಕೆ ಹೋಗಬೇಕು, ಹೊತ್ತಾಯಿತು ನಡಿ" ಎಂದೆ. ಅವನು ಮೊಬೈಲನ್ನು ಜೇಬಿಗೆ ಹಾಕಿಕೊಂಡು ಬಂದು ಕಾರು ಹತ್ತಿದ.

ಚಾಮುಂಡಿ ಬೆಟ್ಟ, ದೊಡ್ಡ ನಂದಿ, ಮೇಲಿನಿಂದ ಕಾಣುವ ನಗರ, ಚೀಟಿಯಲ್ಲಿದ್ದದ್ದೆಲ್ಲ ಮುಗಿಯಿತು. ಮರಳುವಾಗ ಹಸಿವಾಗಿ ಹಳೆಯ ರಸ್ತೆಗಿಳಿದು ಮದ್ದೂರಿನಲ್ಲಿ ವಡೆ ತಿಂದೆವು. ಕತ್ತಲಾಗಿತ್ತು. ನನಗೂ ಹೇಳುವುದು ಮುಗಿದು ಬಾಯಿ ಸೋತಿತ್ತು. ಚನ್ನಪಟ್ಟಣದ ಬೊಂಬೆ ಅಂಗಡಿಗಳ ದೀಪ ಕಾಣುವ ಹೊತ್ತಿಗೆ ಹುಡುಗ ತಾನಾಗಿಯೇ ಕೇಳಿದ: "ಫಾದರ್ ಮಾಮ, ನಮ್ಮ ಹಾಲ್‌ನಲ್ಲಿರೋ ಅಪ್ಪ ಅಮ್ಮನ ಫೋಟೋ ಆ ಚರ್ಚ್ ಮುಂದೇನೇ ತೆಗೆದದ್ದು ಅಲ್ವಾ?"

ಹೌದು. ಮದುವೆಯಾದ ವರ್ಷ ತೆಗೆದದ್ದು. ಆ ಚಿತ್ರವನ್ನು ನಾನು ನೂರು ಸಲವಾದರೂ ನೋಡಿದ್ದೇನೆ.

"ಅಪ್ಪ ನಿಂತಿದ್ದ ಜಾಗ ಸಿಕ್ತು ಅನ್ಸುತ್ತೆ. ಸರಿಯಾಗಿ ನೋಡ್ಕೊಳ್ಳೋಕೆ ಆಗಲಿಲ್ಲ" ಎಂದ. ದೂರಿನ ಧ್ವನಿಯಲ್ಲ. ರಸ್ತೆ ನೋಡುತ್ತಲೇ ಹೇಳಿದ.

ಆಮೇಲೆ ಬೆಂಗಳೂರಿನವರೆಗೂ ಅವನು ತನ್ನ ಅಪ್ಪನ ಬಗ್ಗೆ ಮಾತನಾಡಿದ. ಎರಡು ವರ್ಷ ಬಾಯಿ ಬಿಡದವನು ಕಾರಿನಲ್ಲಿ ಬಿಟ್ಟದ್ದೇಕೆ ಎಂದು ಬಹಳ ದಿನ ಯೋಚಿಸಿದ್ದೇನೆ. ಪಾಪನಿವೇದನೆಯ ಪೀಠದಲ್ಲಿ ನಡುವೆ ಒಂದು ಜಾಲರಿ ಇರುತ್ತದಲ್ಲ, ಅದರ ಬೆಲೆ ಗುರುಗಳಾದ ನಮಗೆ ಗೊತ್ತು. ಎದುರು ಕುಳಿತು ಮುಖ ನೋಡಿದರೆ ಬಾರದ ಮಾತು ಆ ಜಾಲರಿಯ ಮರೆಯಲ್ಲಿ ಬರುತ್ತದೆ. ಕಾರಿನಲ್ಲಿಯೂ ಹಾಗೆಯೇ. ಇಬ್ಬರೂ ಪಕ್ಕಪಕ್ಕದಲ್ಲಿ ಕುಳಿತಿರುತ್ತೀರಿ, ಇಬ್ಬರ ಕಣ್ಣೂ ರಸ್ತೆಯ ಮೇಲಿರುತ್ತದೆ, ಕತ್ತಲಿರುತ್ತದೆ, ಎದ್ದು ಹೋಗುವಂತಿಲ್ಲ, ಮಾತನಾಡಲೇಬೇಕೆಂಬ ಒತ್ತಾಯವೂ ಇಲ್ಲ. ಹದಿಹರೆಯದ ಮಕ್ಕಳಿಗೆ ನಮ್ಮ ನೋಟದ ಭಾರ ನಾವು ತಿಳಿದಿರುವುದಕ್ಕಿಂತ ಹೆಚ್ಚು. ಊಟದ ಮೇಜಿನ ಆಚೆಯಿಂದ "ಏನಾಗಿದೆ ನಿನಗೆ, ಹೇಳು" ಎಂದರೆ "ಏನಿಲ್ಲ" ಎಂಬ ಉತ್ತರವಲ್ಲದೆ ಇನ್ನೇನು ಬಂದೀತು?

ಸೆಮಿನರಿಯಲ್ಲಿ ತತ್ವಶಾಸ್ತ್ರ ಓದುವಾಗ ಸಂತ ಥಾಮಸ್ ಅಕ್ವಿನಾಸರ ಒಂದು ಸೂತ್ರವನ್ನು ಬಾಯಿಪಾಠ ಮಾಡಿದ್ದೆವು. ಯಾವುದನ್ನೇ ಆಗಲಿ, ಪಡೆಯುವವನು ತನ್ನ ಸ್ಥಿತಿಗೆ ತಕ್ಕಂತೆ ಪಡೆಯುತ್ತಾನೆ ಎಂಬುದು ಅದರ ತಾತ್ಪರ್ಯ. ಚೊಂಬಿಗೆ ಸುರಿದ ನೀರು ಚೊಂಬಿನ ಆಕಾರ ತಾಳುವಂತೆ. ಪರೀಕ್ಷೆಯಲ್ಲಿ ಬರೆದು ಅಂಕ ಗಿಟ್ಟಿಸಿದ್ದೆ. ಅರ್ಥವಾದದ್ದು ಮಾತ್ರ ಮದ್ದೂರು ದಾಟಿದ ಮೇಲೆ. ನಾನು 175 ಅಡಿಯ ಗೋಪುರ ತೋರಿಸಿದೆ. ತಂದೆಯಿಲ್ಲದ ಹುಡುಗ ಆ ಅಂಗಳದಲ್ಲಿ ತಂದೆ ನಿಂತ ನೆಲವನ್ನು ಹುಡುಕುತ್ತಿದ್ದ. ಅವನಿಗೆ ಆಸಕ್ತಿಯಿಲ್ಲವೆಂದು ನಾನು ತೀರ್ಪು ಕೊಟ್ಟ ಕ್ಷಣದಲ್ಲಿಯೇ ಅವನ ಆಸಕ್ತಿ ಆ ದಿನದ ತುತ್ತತುದಿಯಲ್ಲಿತ್ತು.

"ಹಾಗಾದರೆ ಮಕ್ಕಳನ್ನು ಅವರ ಪಾಡಿಗೆ ಬಿಟ್ಟುಬಿಡಬೇಕೇ ಫಾದರ್?" ಎಂದು ನೀವು ಕೇಳುವಿರಿ. ಸಂತ ಲೂಕರ ಶುಭಸಂದೇಶದ ಎರಡನೆಯ ಅಧ್ಯಾಯ ತೆಗೆಯಿರಿ. ಅದೂ ಹನ್ನೆರಡು ವರ್ಷದ ಮಗನನ್ನು ನಗರಕ್ಕೆ ಕರೆದೊಯ್ದ ತಂದೆತಾಯಿಯ ಕಥೆಯೇ. ನಜರೇತಿನಿಂದ ಜೆರುಸಲೇಮಿಗೆ ನೂರು ಕಿಲೋಮೀಟರಿಗೂ ಮಿಕ್ಕ ಕಾಲುದಾರಿ. ಮರಳುವಾಗ ಮಗ ಗುಂಪಿನಲ್ಲಿರಬಹುದೆಂದು ನಂಬಿ ಒಂದು ದಿನದ ದಾರಿ ನಡೆದುಬಿಟ್ಟರು ಮರಿಯ ಮತ್ತು ಜೋಸೆಫರು. ಹುಡುಕಿದರು, ಹಿಂತಿರುಗಿದರು, ಮೂರು ದಿನದ ಮೇಲೆ ದೇವಾಲಯದಲ್ಲಿ ಕಂಡರು. ತಾಯಿ ಗದರಿಸಿಯೂ ಗದರಿಸಿದಳು. ಮಗ ಕೊಟ್ಟ ಉತ್ತರ ಅವರಿಗೆ ಅರ್ಥವಾಗಲಿಲ್ಲವೆಂದು ಶುಭಸಂದೇಶಕಾರರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಪವಿತ್ರ ಕುಟುಂಬದಲ್ಲಿಯೂ ಹೀಗಾಯಿತೆಂಬುದು ನನಗಂತೂ ದೊಡ್ಡ ಸಮಾಧಾನ. ಅರ್ಥವಾಗದಿದ್ದದ್ದನ್ನು ಮರಿಯಮ್ಮ ಮನಸ್ಸಿನಲ್ಲಿಟ್ಟುಕೊಂಡಳು. ಮಗ ಅವರೊಡನೆ ಊರಿಗೆ ಬಂದು ವಿಧೇಯನಾಗಿದ್ದ.

ಆದ್ದರಿಂದ ಹುಡುಕುವುದನ್ನೂ ಅಗತ್ಯವಿದ್ದಾಗ ಗದರಿಸುವುದನ್ನೂ ಬಿಡಿ ಎಂದು ನಾನು ಹೇಳಲಾರೆ. ಎಷ್ಟು ಗಂಟೆಗೆ ಹೊರಡಬೇಕು, ಊಟದ ಹೊತ್ತಿನಲ್ಲಿ ಮೊಬೈಲು ಎಲ್ಲಿರಬೇಕು, ಇವನ್ನು ತಂದೆತಾಯಿಯೇ ಹೇಳಬೇಕು. ಆದರೆ ಮಗುವಿನ ಕಣ್ಣು ಎಲ್ಲಿ ನಿಲ್ಲಬೇಕೆಂಬುದು ಆ ಪಟ್ಟಿಗೆ ಸೇರಿದ್ದಲ್ಲ. ದಿವಂಗತ ಜಗದ್ಗುರು ಫ್ರಾನ್ಸಿಸ್‌ರವರು ಕುಟುಂಬ ಜೀವನದ ಬಗ್ಗೆ 2016ರಲ್ಲಿ ಹೊರಡಿಸಿದ 'ಅಮೋರಿಸ್ ಲೆಟೀಸಿಯಾ' ಎಂಬ ಪತ್ರದಲ್ಲಿ, ಮಗು ಈಗ ಯಾವ ಜಾಗದಲ್ಲಿದೆ ಎಂಬುದಕ್ಕಿಂತ ಅದರ ಬದುಕು, ಅದರ ಮನಸ್ಸು ಎಲ್ಲಿದೆ ಎಂಬುದೇ ದೊಡ್ಡ ಪ್ರಶ್ನೆಯೆಂದು ತಿಳಿಸಿದ್ದಾರೆ. ಆ ದಿನ ಹುಡುಗ ನನ್ನ ಪಕ್ಕದ ಸೀಟಿನಲ್ಲೇ ಇದ್ದ. ಎಲ್ಲಿದ್ದಾನೆಂದು ನಾನು ಕೇಳಿರಲಿಲ್ಲ.

ಮುಂದಿನ ರಜೆಯಲ್ಲಿ ನೀವು ಹೊರಡುವುದಾದರೆ ಚೀಟಿಯಿಂದ ಒಂದೆರಡು ಸ್ಥಳ ಹೊಡೆದುಹಾಕಿ. ಮಗನೋ ಮಗಳೋ ಎಲ್ಲಾದರೂ ಸುಮ್ಮನೆ ನಿಂತರೆ ನೀವೂ ಸ್ವಲ್ಪ ದೂರದಲ್ಲಿ ನಿಂತುಕೊಳ್ಳಿ. ಗಡಿಯಾರ ನೋಡಬೇಡಿ.

ನನ್ನ ಅಳಿಯ ಈಗ ಕಾಲೇಜಿನಲ್ಲಿದ್ದಾನೆ. "ಇನ್ನೊಮ್ಮೆ ಮೈಸೂರಿಗೆ ಹೋಗೋಣವೇ? ಈ ಸಲ ಚೀಟಿ ಇಲ್ಲ" ಎಂದು ಕಳೆದ ರಜೆಯಲ್ಲಿ ಕೇಳಿದೆ. ನಕ್ಕ. "ಅಮ್ಮನ ಜೊತೆ ಹೋಗ್ತೀನಿ ಮಾಮ" ಎಂದ. ಇಬ್ಬರೂ ರೈಲಿನಲ್ಲಿ ಹೋಗಿ ಬಂದರು. ಎಲ್ಲಿ ನಿಂತರು, ಏನು ನೋಡಿದರು ಎಂದು ನಾನು ಕೇಳಲಿಲ್ಲ.