ಸರದಿಯ ಹಕ್ಕು

ಸೂಪರ್ ಮಾರ್ಕೆಟಿನಲ್ಲಿ ನೀವು ಬಿಲ್ಲಿಗಾಗಿ ಕಾಯುತ್ತಿರುವಾಗ ಪಕ್ಕದ ಕೌಂಟರ್ ತೆರೆದರೆ ಏನಾಗುತ್ತದೆ? ಎಲ್ಲರಿಗಿಂತ ಹಿಂದಿದ್ದವನು ಓಡಿಹೋಗಿ ಮೊದಲಿಗನಾಗುತ್ತಾನೆ. ನಾವು ಅವನನ್ನು ದೂರುತ್ತೇವೆ. ಆದರೆ ಈ ಓಟದ ಪಂದ್ಯ ಏರ್ಪಡಿಸಿದವರು ಯಾರು? ತಕ್ಕಡಿಯಲ್ಲಿ ಗುಲಗಂಜಿಯಷ್ಟು ಕಡಿಮೆಯಾದರೂ ಪಾಪವೆಂದು ಅಂಜುವ ವ್ಯಾಪಾರಿ, ಮೊದಲು ಬಂದವರ ಸರದಿ ತಪ್ಪಿದಾಗ ಅಂಜುವುದಿಲ್ಲವೇಕೆ?

ಎಷ್ಟೋ ಬ್ಯಾಂಕುಗಳಲ್ಲಿ ಟೋಕನ್ ಕೊಡುತ್ತಾರೆ. ಕೌಂಟರ್ ಎಷ್ಟಿದ್ದರೂ ಸರದಿ ಒಂದೇ. ಒಬ್ಬರ ಲೆಕ್ಕ ತಡವಾದರೂ ಹಿಂದಿನವರು ಖಾಲಿಯಾದ ಇನ್ನೊಂದು ಕೌಂಟರಿಗೆ ಹೋಗುತ್ತಾರೆ. ಅಂಗಡಿಯಲ್ಲೂ ಹೀಗೆ ಒಂದೇ ಸಾಲು ಮಾಡಬಹುದು. ಅದು ಉದ್ದವಾಗಿ ಕಂಡು ಗಿರಾಕಿ ಹೊರಟುಹೋದಾನೆಂಬ ಭಯವೇನೋ! ಹಾಗಾದರೆ 'ಮುಂದಿನವರು ಬನ್ನಿ' ಎಂದಾದರೂ ಕರೆಯಲಿ.

ಇಷ್ಟರಿಂದ ಓಡಿದವನ ಹೊಣೆ ಕಳೆಯಿತೇ? ಹೀಗೆ ಬರೆಯುವ ನಾನೂ ಒಮ್ಮೆ ಓಡಿದ್ದೇನೆ. ಹಣ ಕೊಟ್ಟು ತಿರುಗಿದಾಗ, ನನಗಿಂತ ಮುಂದಿದ್ದ ತಾಯಿಯೊಬ್ಬರು ಮಗುವನ್ನೆತ್ತಿಕೊಂಡು ಇನ್ನೂ ಅಲ್ಲೇ ನಿಂತಿದ್ದರು. ಕ್ಷಮೆ ಕೇಳಲು ನನಗೆ ಬಾಯಿ ಬರಲಿಲ್ಲ.