ತಕ್ಕಡಿಯೂ ಅಂತರಂಗವೂ

ಅಪರಾಧಕ್ಕೆ ದಂಡನೆಯಿರಬೇಕೆಂಬುದನ್ನು ವಿವೇಕಿಗಳಾರೂ ಅಲ್ಲಗಳೆಯರು. ದಂಡನೆಯ ಭಯವೇ ಇಲ್ಲದ ಸಮಾಜದಲ್ಲಿ ದುರ್ಬಲನಿಗೆ ನೆಲೆಯಿಲ್ಲ. ಆದರೆ ಆ ದಂಡನೆಯನ್ನು ಅಳೆಯುವುದು ಯಾವುದರಿಂದ? ಕೈಯಲ್ಲಿ ಸಿಕ್ಕ ವಸ್ತುವಿನ ತೂಕದಿಂದಲೋ, ಅದನ್ನು ಹಿಡಿದಿದ್ದವನ ಅಂತರಂಗದಿಂದಲೋ? ಇದು ಸದ್ಭಕ್ತರಾದ ಗೃಹಸ್ಥರು ಶಾಂತಚಿತ್ತದಿಂದ ವಿಚಾರಿಸತಕ್ಕ ವಿಷಯ. ಗಾಂಜಾ ಬೆಳೆದವರಿಗೂ ಇಟ್ಟುಕೊಂಡವರಿಗೂ ನಮ್ಮ ದೇಶದ ಕಾನೂನು ವಿಧಿಸುವ ಶಿಕ್ಷೆಯಲ್ಲಿ ಈ ಪ್ರಶ್ನೆಯು ಬಹು ಸ್ಪಷ್ಟವಾಗಿ ಎದ್ದು ಕಾಣುತ್ತದೆ.

ಈ ಗಿಡವು ನಮ್ಮ ನಾಡಿಗೆ ಹೊಸತಲ್ಲ. ೧೮೯೩ರಲ್ಲಿ ಆಂಗ್ಲ ಸರ್ಕಾರವು ಇದರ ವಿಚಾರಣೆಗಾಗಿ ಒಂದು ಆಯೋಗವನ್ನು ನೇಮಿಸಿತು. ಮರುವರ್ಷ ವರದಿಯೊಪ್ಪಿಸಿದ ಆಯೋಗವು ಪೂರ್ಣ ನಿಷೇಧ ಬೇಡವೆಂದೂ ಪರವಾನಗಿ ಮತ್ತು ತೆರಿಗೆಗಳ ಮೂಲಕ ಹತೋಟಿಯಲ್ಲಿಡುವುದು ಲೇಸೆಂದೂ ಅಭಿಪ್ರಾಯಪಟ್ಟಿತು. ೧೯೬೧ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ನಮ್ಮ ದೇಶವೂ ಸೇರಿತು. ೧೯೮೫ರಲ್ಲಿ ಮಾದಕ ದ್ರವ್ಯಗಳ ಅಧಿನಿಯಮವು ಬಂದಿತು. ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಗಳನ್ನುಳಿದು ಗಾಂಜಾದ ಬೆಳೆ, ಸಂಗ್ರಹ, ಸಾಗಣೆ, ಮಾರಾಟ, ಸೇವನೆಗಳೆಲ್ಲವೂ ಆ ಕಾನೂನಿನಡಿ ಅಪರಾಧಗಳಾದವು. ಆದರೂ ಗಿಡದ ಹೂಬಿಟ್ಟ ತುದಿಯೇ ಗಾಂಜಾ. ಆ ತುದಿಯೊಡನೆ ಕೂಡಿರದ ಎಲೆಯೂ ಬೀಜವೂ ಗಾಂಜಾ ಅಲ್ಲವೆಂದು ಅದೇ ಕಾನೂನು ವಿಂಗಡಿಸಿದೆ. ಗಿಡವು ಸೃಷ್ಟಿಯದು, ಗೆರೆಯು ಮನುಷ್ಯನದು. ಮನುಷ್ಯನು ಎಳೆದ ಗೆರೆಯನ್ನು ಮನುಷ್ಯನೇ ಮರಳಿ ವಿಚಾರಿಸುವುದರಲ್ಲಿ ತಪ್ಪಿಲ್ಲ.

೨೦೦೧ರ ತಿದ್ದುಪಡಿಯು ಶಿಕ್ಷೆಗೆ ತೂಕದ ಮೆಟ್ಟಿಲುಗಳನ್ನು ಕಟ್ಟಿತು. ಇಂದು ೧ ಕಿಲೋಗ್ರಾಂಗಿಂತ ಕಡಿಮೆಯಿದ್ದರೆ ೧ ವರ್ಷದವರೆಗೆ ಕಠಿಣ ಸಜೆ, ಅಥವಾ ೧೦,೦೦೦ ರೂಪಾಯಿಗಳವರೆಗೆ ಜುಲ್ಮಾನೆ, ಅಥವಾ ಎರಡೂ. ಅಲ್ಲಿಂದ ೨೦ ಕಿಲೋಗ್ರಾಂವರೆಗೆ ೧೦ ವರ್ಷಗಳ ತನಕ ಸಜೆ. ೨೦ ಕಿಲೋಗ್ರಾಂ ಮೀರಿತೋ, ೧೦ ವರ್ಷಕ್ಕೆ ಕಡಿಮೆಯಿಲ್ಲದೆ ೨೦ ವರ್ಷಗಳವರೆಗೆ ಸಜೆ. ಮೇಲೆ ೧ ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ಜುಲ್ಮಾನೆ. ಗಿಡ ಬೆಳೆದವನಿಗೆ ೧೦ ವರ್ಷಗಳ ತನಕ ಸಜೆಯುಂಟು.

ಇಬ್ಬರು ಕೂಲಿಯಾಳುಗಳನ್ನು ಊಹಿಸಿಕೊಳ್ಳೋಣ. ಸಾಲದ ಭಾರದಿಂದ ಬಳಲಿದ ಇಬ್ಬರೂ ಒಬ್ಬನೇ ಧಣಿಯ ಮೂಟೆಗಳನ್ನು, ಒಳಗಿರುವುದು ಗಾಂಜಾ ಎಂದು ತಿಳಿದೂ, ಒಂದು ದಿನದ ಕೂಲಿಗಾಗಿ ಹೊತ್ತರು. ಒಬ್ಬನ ಮೂಟೆ ೧೯ ಕಿಲೋಗ್ರಾಂ ತೂಗಿತು, ಇನ್ನೊಬ್ಬನದು ೨೧. ಮೊದಲನೆಯವನ ಬಡತನವನ್ನೂ ಪಶ್ಚಾತ್ತಾಪವನ್ನೂ ನ್ಯಾಯಾಧೀಶರು ಕಂಡು ಶಿಕ್ಷೆಯನ್ನು ಇಳಿಸಬಲ್ಲರು. ಎರಡನೆಯವನ ಕಣ್ಣೀರನ್ನು ಕಂಡರೂ ೧೦ ವರ್ಷಕ್ಕಿಂತ ಕೆಳಗಿಳಿಯುವ ಅಧಿಕಾರ ಅವರಿಗಿಲ್ಲ. ಶಿಕ್ಷೆಯನ್ನು ಕನಿಷ್ಠಕ್ಕಿಂತ ಏರಿಸಲು ಗಮನಿಸಬೇಕಾದ ಕಾರಣಗಳನ್ನು ಕಾನೂನು ಪಟ್ಟಿಮಾಡಿದೆ. ಇಳಿಸುವುದಕ್ಕೆ ಮಾತ್ರ ದಾರಿಯಿಟ್ಟಿಲ್ಲ. ಅಷ್ಟೇ ಅಲ್ಲ, ಅಪರಾಧಕ್ಕೆ ಬೇಕಾದ ದುರುದ್ದೇಶವು ಆಪಾದಿತನಲ್ಲಿ ಇತ್ತೆಂದೇ ನ್ಯಾಯಾಲಯವು ಮೊದಲು ಭಾವಿಸತಕ್ಕದ್ದು. ಇರಲಿಲ್ಲವೆಂದು ಸಂಶಯಕ್ಕೆಡೆಯಿಲ್ಲದಂತೆ ತೋರಿಸಬೇಕಾದವನು ಅವನೇ. ಹೀಗೆ ಎರಡು ಕಿಲೋಗ್ರಾಂಗಳ ಅಂತರದಲ್ಲಿ ನ್ಯಾಯಪೀಠದ ವಿವೇಕವೇ ಕಟ್ಟಿಹಾಕಲ್ಪಡುತ್ತದೆ. ಮೂಟೆಯನ್ನು ಮುಟ್ಟದೆ ಲಾಭವನ್ನಷ್ಟೆ ಮುಟ್ಟುವ ಧಣಿಯಾದರೋ ತಕ್ಕಡಿಯ ಹತ್ತಿರಕ್ಕೂ ಬರುವುದು ವಿರಳ.

ಇದಕ್ಕೆ ಪ್ರತಿಯಾಗಿ ಹೇಳುವವರ ಮಾತಿನಲ್ಲಿಯೂ ಹುರುಳಿಲ್ಲದಿಲ್ಲ. ಮನಸ್ಸನ್ನು ಕಂಡವರಾರು? ತೂಕವಾದರೆ ಎಲ್ಲರ ಕಣ್ಣಿಗೂ ಒಂದೇ. ನ್ಯಾಯಾಧೀಶನ ಇಚ್ಛೆಗೆ ಬಿಟ್ಟರೆ ಉಳ್ಳವನು ಜಾಣ ವಕೀಲನನ್ನಿಟ್ಟು ಪಾರಾಗುವನು, ಇಲ್ಲದವನು ಸಿಕ್ಕಿಬೀಳುವನು ಎಂಬುದು ಅವರ ವಾದ. ತೂಕವನ್ನು ಕಡೆಗಣಿಸಬಾರದೆಂಬುದು ನಿಜವೇ. ಆದರೆ ಅದು ದಾರಿ ತೋರುವ ದೀಪವಾಗಬೇಕೋ, ತೀರ್ಪನ್ನೇ ಬರೆಯುವ ಕೈಯಾಗಬೇಕೋ ಎಂಬುದೇ ಇಲ್ಲಿಯ ಪ್ರಶ್ನೆ.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಪ್ರಸಂಗವನ್ನು ಅರಿಯದ ಶರಣರ ಮನೆಯಿಲ್ಲ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಬಂದಿತು. ಲಕ್ಕಮ್ಮನವರೂ ಮೊದಲು ಕಂಡದ್ದು ಅಳತೆಯನ್ನೇ. ಆದರೆ ಅವರು ಅಳತೆಯಲ್ಲಿ ನಿಲ್ಲಲಿಲ್ಲ. ಈ ಹೆಚ್ಚಳದ ಹಿಂದೆ ಆಸೆಯೊಂದು ಮೊಳೆತಿದೆಯೇ ಎಂದು ಪತಿಯ ಮನಸ್ಸನ್ನು ಕೆದಕಿ ಕೇಳಿದರು. ಕೇಳಿ, ಮಿಕ್ಕಿದ್ದನ್ನು ತಂದ ಎಡೆಗೇ ಮರಳಿಸಿ ಬರುವಂತೆ ಕಳುಹಿದರು, ಮನೆಯಿಂದ ಹೊರಗಟ್ಟಲಿಲ್ಲ. ಅಳತೆಯು ಸಂದೇಹವನ್ನು ಹುಟ್ಟಿಸಿತು, ವಿಚಾರಣೆಯು ಅಂತರಂಗವನ್ನು ಮುಟ್ಟಿತು, ಪರಿಹಾರವು ಮನುಷ್ಯನನ್ನು ಉಳಿಸಿತು. ನ್ಯಾಯದ ಮೂರು ಹೆಜ್ಜೆಗಳೂ ಇಲ್ಲಿವೆ. ನಮ್ಮ ಕಾನೂನು ಮೇಲಿನ ಮೆಟ್ಟಿಲಿನಲ್ಲಿ ಮೊದಲನೆಯದರಿಂದ ನೇರವಾಗಿ ಶಿಕ್ಷೆಗೆ ಹಾರುತ್ತದೆ. ನಡುವಣ ಹೆಜ್ಜೆಯನ್ನು ನ್ಯಾಯಾಧೀಶರಿಗೆ ಮರಳಿ ಕೊಡುವುದು, ಇಳಿಸಿದರೆ ಕಾರಣವನ್ನು ಬರೆದಿಡಬೇಕೆಂದು ವಿಧಿಸುವುದು, ಧರ್ಮಕ್ಕೂ ವ್ಯವಹಾರಕ್ಕೂ ಒಪ್ಪುವ ಮಾರ್ಗವಾಗಿದೆ.

ಇಷ್ಟು ಹೇಳಿದುದರಿಂದ ಗಾಂಜಾ ಬೆಳೆಯುವುದು ನಿರ್ದೋಷವೆಂದು ಯಾರೂ ಭಾವಿಸಬಾರದು. ಎಳೆಯ ವಯಸ್ಸಿನಲ್ಲಿ ಹತ್ತಿದ ಚಟವು ಬುದ್ಧಿಯನ್ನು ಮಂಕಾಗಿಸುವುದೆಂದೂ, ಬಲವಾದ ಚಟವು ಚಿತ್ತವಿಕಾರದ ಅಪಾಯವನ್ನು ಹೆಚ್ಚಿಸುವುದೆಂದೂ ವೈದ್ಯರು ಹೇಳುತ್ತಾರೆ. ಜೋಳದ ಸಾಲುಗಳ ನಡುವೆ ಮರೆಮಾಡಿ ಬೆಳೆದ ಗಿಡವು ಹಣ ತರಬಹುದು. ಪರರ ಮನೆಯ ಮಗನ ಅರಿವನ್ನು ಕೆಡಿಸಿ ಬಂದ ಹಣವು ಕಾಯಕದ ಫಲವೆನಿಸದು. ಆದರೆ ದೋಷವನ್ನು ಬಿಡಿಸುವುದು ಬೇರೆ, ದೋಷಿಯನ್ನು ಬಿಸುಡುವುದು ಬೇರೆ. ಹೆಂಡ ಮಾರುವ ವೃತ್ತಿಯ ಮಾರಯ್ಯನವರನ್ನು ಕಲ್ಯಾಣವು ದೂರವಿಡಲಿಲ್ಲ, ಶರಣರ ಸಾಲಿನಲ್ಲಿ ಸೇರಿಸಿಕೊಂಡಿತು. ಅವರೇ ಅಮಲಿನ ಕೇಡನ್ನು ಜನಕ್ಕೆ ತಿಳಿಹೇಳಿದರೆಂದು ಪರಂಪರೆಯು ಸಾರುತ್ತದೆ.

ಕಾನೂನನ್ನು ತಿದ್ದುವುದು ಶಾಸನಸಭೆಯ ಕೆಲಸ. ಗೃಹಸ್ಥನಿಗೆ ಕೆಲಸವಿಲ್ಲವೆ? ತನ್ನ ಭೂಮಿಯಲ್ಲಿ ಈ ಗಿಡವನ್ನು ಯಾರಾದರೂ ಬೆಳೆದಿರುವುದು ತಿಳಿದೂ ಸುಮ್ಮನಿರುವ ಜಮೀನುದಾರನು ತಾನೂ ದಂಡನಾರ್ಹನೆಂದು ಕಾನೂನು ಹೇಳುತ್ತದೆ. ಕಾನೂನು ಹೇಳದಿದ್ದರೂ ಆತ್ಮಸಾಕ್ಷಿಯು ಹೇಳಬೇಕು. ಚಟಕ್ಕೆ ಬಿದ್ದು ಸೇವನೆಗಾಗಿಯೋ ಅಲ್ಪ ಪ್ರಮಾಣಕ್ಕಾಗಿಯೋ ಸಿಕ್ಕಿಬಿದ್ದವನು ತಾನಾಗಿ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ಬಯಸಿ, ಅದನ್ನು ಪೂರೈಸಿದರೆ ಮೊಕದ್ದಮೆಯಿಂದ ಬಿಡುಗಡೆ ಪಡೆಯುವ ಅವಕಾಶವನ್ನೂ ಅದೇ ಕಾನೂನು ತೆರೆದಿಟ್ಟಿದೆ. ಮಾನಕ್ಕೆ ಅಂಜಿ ಮಗನನ್ನು ಮುಚ್ಚಿಡುವ ತಂದೆತಾಯಿಗಳು ಈ ಬಾಗಿಲನ್ನು ಅರಿತಿರಬೇಕು. ಇನ್ನು ಸಜೆಯನ್ನು ಮುಗಿಸಿ ಊರಿಗೆ ಮರಳಿದವನು ಹಳೆಯ ಧಣಿಯ ಬಾಗಿಲಿಗೇ ಹೋಗದಂತೆ ಅವನಿಗೊಂದು ಕಾಯಕವನ್ನು ಕೊಡುವವರು ಯಾರು? ನ್ಯಾಯಾಲಯವು ಕೊಡಲಾರದು. ಕೊಡಬೇಕಾದವರು ನಾವು. ಅವನು ಮನೆಯ ಮುಂದೆ ಬಂದು ನಿಂತ ದಿನ ನಾವು ಕೈಗೆತ್ತಿಕೊಳ್ಳುವುದು ತಕ್ಕಡಿಯನ್ನೋ, ಬಾಗಿಲ ಅಗುಳಿಯನ್ನೋ, ಅವನ ಕೈಯನ್ನೋ? ಸದ್ಭಕ್ತರು ತಮ್ಮ ತಮ್ಮ ಅಂತರಂಗವನ್ನೇ ಕೇಳಿಕೊಳ್ಳಬೇಕು.